ಹೆಟಿ ಹಾಕಿದ ಓಟು

ಮರುಎಣಿಕೆ ಮುಗಿದಾಗಲೂ ಇಬ್ಬರು ಅಭ್ಯರ್ಥಿಗಳ ಮತಗಳು ಸಮವಾಗಿಯೇ ಇದ್ದವು. ಒಳಾಂಗಣ ಬ್ಯಾಡ್ಮಿಂಟನ್ ಅಂಗಳದಲ್ಲಿ ಸಾಲಾಗಿ ಹಾಕಿದ್ದ ಮೇಜುಗಳ ಸುತ್ತ ಜನ ಒತ್ತರಿಸಿ ನಿಂತರು. ಚುನಾವಣಾಧಿಕಾರಿ ಕನ್ನಡಕ ತೆಗೆದು, "ಇನ್ನು ಚೀಟಿ ಎತ್ತೋದೊಂದೇ ದಾರಿ. ಕಾನೂನು ಇರೋದೇ ಹಾಗೆ," ಎಂದರು.

ಕ್ಲೆಮೆಂಟ್ ವಾರ್ಲಿ ಆ ವಾರ್ಡಿನಿಂದ ಜಿಲ್ಲಾ ಕೌನ್ಸಿಲ್‌ಗೆ ಮತ್ತೆ ಮತ್ತೆ ಆರಿಸಿ ಹೋಗಿ ತಲೆ ನರೆಸಿಕೊಂಡವರು. ಎದುರಾಳಿ ಹೆಟಿ ಗಾರ್ಸೈಡ್, ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. "ಬೇರೆ ಯಾರೂ ಸಿಗ್ತಿಲ್ಲ, ಸುಮ್ನೆ ಹೆಸರಿಗೆ ನಿಂತ್ಕೋ. ನೀನೇನು ಗೆಲ್ಲಲ್ಲ ಬಿಡು," ಎಂದು ಪಕ್ಷದವರು ಅವಳನ್ನು ಒಪ್ಪಿಸಿದ್ದರು. ಅವಳು ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ. ಆದರೆ ಊರಿನ ಈಜುಕೊಳ ಮುಚ್ಚುವ ಪರವಾಗಿ ಕ್ಲೆಮೆಂಟ್ ಕೌನ್ಸಿಲ್‌ನಲ್ಲಿ ಕೈ ಎತ್ತಿದ್ದರು. ಜನರ ಆ ಸಿಟ್ಟೆಲ್ಲ ಓಟಾಗಿ ಹೆಟಿಯ ಹೆಸರಿನ ಮುಂದೆ ಬಂದು ಬಿದ್ದಿತ್ತು.

ಅಧಿಕಾರಿ ಇಬ್ಬರ ಹೆಸರಿನ ಚೀಟಿಗಳಿದ್ದ ಡಬ್ಬಿಯೊಳಗೆ ಕೈ ಹಾಕಿ ಒಂದನ್ನು ಎತ್ತಿ ಬಿಡಿಸಿದರು. "ಹೆಟಿ ಗಾರ್ಸೈಡ್."

ಚಪ್ಪಾಳೆ ಎದ್ದಿತು. ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದವರು ಕ್ಲೆಮೆಂಟ್. ಹೆಟಿ ಆ ಕೈ ಬಿಡದೆ ಅವರನ್ನು ಕಿಟಕಿಯ ಕಡೆಗೆ ಎಳೆದೊಯ್ದಳು.

"ಯಾರಿಗೂ ಹೇಳ್ಬೇಡಿ. ನಾನು ಓಟು ಹಾಕಿದ್ದು ನಿಮಗೆ."

"ನನಗಾ? ಯಾಕಮ್ಮಾ?"

"ನಮ್ಮಪ್ಪನ ಗಾಲಿಕುರ್ಚಿ ಇಳಿಸೋಕೆ ಬಾಗಿಲಲ್ಲಿ ಇಳಿಜಾರು ಮಾಡಿಸಿಕೊಟ್ರಲ್ಲ. ಅದನ್ನ ಮರೆಯೋಕಾಗುತ್ತಾ?"

ಕ್ಲೆಮೆಂಟ್ ಭುಜ ಕುಣಿಯುವಂತೆ ನಕ್ಕರು. "ಅಂದ್ರೆ ನೀನು ನಿನಗೇ ಹಾಕ್ಕೊಂಡಿದ್ರೆ ನೇರವಾಗೇ ಗೆಲ್ತಿದ್ದೆ. ಚೀಟಿ ಎತ್ತೋತನಕ ನನ್ನ ಕರ್ಕೊಂಡು ಬಂದೋಳೇ ನೀನು! ಹೋಗ್ಲಿ ಬಿಡು, ನನ್ನ ನಾಯಿಗೆ ಇನ್ಮೇಲೆ ದಿನಾ ಸುತ್ತಾಟ." ನಗು ಮುಗಿದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕ ಬಂದ. ಕ್ಲೆಮೆಂಟ್‌ರತ್ತ ತಿರುಗಿಯೂ ನೋಡಲಿಲ್ಲ.

"ನೋಡಮ್ಮಾ, ನನ್ನ ಮಂಡಿ ಮಡಿಸೋಕೆ ಬರ್ತಿದ್ದಿದ್ದೇ ಆ ಈಜುಕೊಳದ ನೀರಲ್ಲಿ. ಅದಕ್ಕೇ ನಿಂಗೆ ಓಟು ಹಾಕಿದೀನಿ. ಕೊಳ ಯಾವಾಗ ತೆರೆಸ್ತೀಯ?"

ತಾನು ಯಾರಿಗೂ ಏನೂ ಮಾತು ಕೊಟ್ಟಿಲ್ಲ ಎಂದು ಹೆಟಿ ಹೇಳಬಹುದಿತ್ತು. ಮುದುಕ ಕೋಲಿನ ಮೇಲೆ ಭಾರ ಹಾಕಿ ಕಾಯುತ್ತ ನಿಂತಿದ್ದ. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿದಳು. ಕ್ಲೆಮೆಂಟ್ ಆಗಲೇ ಕೋಟು ಎತ್ತಿಕೊಂಡು ಹೊರಟಿದ್ದರು.

"ಕ್ಲೆಮೆಂಟ್ ಅವರೇ, ಎಲ್ಲಿಗೆ ಹೊರಟ್ರಿ?" ಹೆಟಿಯ ದನಿ ತಾನಾಗಿಯೇ ಏರಿತು. "ಕೊಳ ಯಾಕೆ ಮುಚ್ಚಿದ್ರಿ ಅಂತ ಇವರೆದುರಿಗೆ ಕೂತು ಹೇಳಿ. ಮೊದಲು ನನಗದು ತಿಳೀಬೇಕು."

ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದ ಕ್ಲೆಮೆಂಟ್ ಅಲ್ಲೇ ನಿಂತರು. ಇನ್ನೊಂದು ತೋಳು ಬೆನ್ನ ಹಿಂದೆ ನೇತಾಡುತ್ತಿತ್ತು.