ಗುಂಪಿನಲ್ಲಿ ಇಲ್ಲದವನು

ತನಿಖಾಧಿಕಾರಿ ಬರುವಷ್ಟರಲ್ಲಿ ಆಸ್ಪತ್ರೆಯ ಲಾಂಡ್ರಿಯ ಫೋನ್ ಗುಂಪಿನ ಹದಿನೇಳು ಜನರಲ್ಲಿ ಹದಿನಾರು ಜನ ಆ ಸಂದೇಶವನ್ನು ತಮ್ಮ ಫೋನಿನಿಂದ ಅಳಿಸಿಹಾಕಿದ್ದರು. ಉಳಿದವಳು ಇಸ್ತ್ರಿ ಅಕ್ಕ ಒಬ್ಬಳೇ. “ಅಳಿಸಿಬಿಡು ಅಕ್ಕ,” ಎಂದು ಸೂಪರ್‌ವೈಸರ್ ಬೆಳಿಗ್ಗೆಯಿಂದ ಮೂರು ಸಲ ಬಂದು ಪಿಸುಗುಟ್ಟಿದ್ದ. “ಈ ಆ್ಯಪಿನ ಬೀಗ ಅದನ್ನ ಮಾಡಿದ ಕಂಪನಿಯವರ ಕೈಲೂ ತೆಗೆಯೋಕಾಗಲ್ಲ. ನಮ್ಮ ಫೋನಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ.” ಅವಳು ಹೂಂ ಅಂದಿದ್ದಳು. ಬೆರಳು ಮಾತ್ರ ಮುಂದೆ ಹೋಗಿರಲಿಲ್ಲ.

ಮೊನ್ನೆ ಸಂಜೆ ನಾಲ್ಕಕ್ಕೆ ಸೂಪರ್‌ವೈಸರ್ ಗುಂಪಿಗೆ ಹಾಕಿದ ಸಂದೇಶ. “ಎರಡನೇ ಪೈಪಿನ ವಾಲ್ವ್ ಬಿಚ್ಚಿದ್ದಾರೆ. ನಾಳೆ ಮಧ್ಯಾಹ್ನದವರೆಗೆ ಆ ಕಡೆ ಹಬೆ ಬಿಡಬಾರದು.” ಅದರ ಕೆಳಗೆ, “ಇಸ್ತ್ರಿ ಅಕ್ಕ, ಹಬೆಯಣ್ಣನಿಗೆ ಹೇಳಿಬಿಡು.” ಅದರ ಕೆಳಗೆ ಅವಳದೇ ಉತ್ತರ: “ಆಯ್ತು ಸಾರ್.”

ಹಬೆಯಣ್ಣ ಅಂದರೆ ಬಾಯ್ಲರ್ ನೋಡಿಕೊಳ್ಳುವವನು. ಇಪ್ಪತ್ತೆರಡು ವರ್ಷ ಹಬೆಯಲ್ಲೇ ಬೆಂದು ಆ ಹೆಸರೇ ನಿಂತಿತ್ತು. ಹಬೆ ಬಿಡುವ ಕೈ ಅವನದು. ಹಬೆ ಬಿಡಬೇಡಿ ಅನ್ನುವ ಸುದ್ದಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೋಗುತ್ತಿತ್ತು. ಅವನ ಫೋನು ಬೇರೆ ಕಂಪನಿಯದು, ಈ ಆ್ಯಪು ಅದರಲ್ಲಿ ಇರಲಿಲ್ಲ. ಅವನನ್ನು ಗುಂಪಿಗೆ ಸೇರಿಸಿದರೆ ಫೋಟೋಗಳು ಮಸುಕಾಗಿ ಬರುತ್ತಿದ್ದವು, ಮೇಲಾಗಿ ಹೊರಗಿನವರು ಓದದಂತೆ ಇಡೀ ಗುಂಪಿಗೆ ಇದ್ದ ಬೀಗವೇ ಕಳಚಿಕೊಳ್ಳುತ್ತಿತ್ತು. ಆಸ್ಪತ್ರೆಯ ಮಾತು ಬೀಗವಿಲ್ಲದೆ ಓಡಾಡಬಾರದು ಅಂತ ಮೇಲಿನವರ ಕಟ್ಟಪ್ಪಣೆ. “ಒಬ್ಬನಿಗೋಸ್ಕರ ಊರೆಲ್ಲ ಬಾಗಿಲು ತೆಗೆದು ಮಲಗೋಕಾಗುತ್ತಾ?” ಎಂದು ಸೂಪರ್‌ವೈಸರ್ ಎಂಟು ತಿಂಗಳ ಹಿಂದೆ ಅವನನ್ನು ಹೊರಗಿಟ್ಟಿದ್ದ. ಅವತ್ತಿನಿಂದ ದಿನಾ ಹೋಗಿ ಹೇಳುವ ಕೆಲಸ ಇಸ್ತ್ರಿ ಅಕ್ಕನ ಕೊರಳಿಗೆ ಬಿದ್ದಿತ್ತು. ಮೊದಲೆಲ್ಲ ರಿಪೇರಿಯ ದಿನ ವಾಲ್ವಿಗೆ ಒಂದು ಕೆಂಪು ಹಲಗೆ ತೂಗುಹಾಕುತ್ತಿದ್ದರು. ಗುಂಪು ಬಂದಮೇಲೆ ಅದೂ ನಿಂತುಹೋಗಿತ್ತು.

ಮೊನ್ನೆ ಅವಳು ಬಾಯ್ಲರ್ ಕೋಣೆಯ ಬಾಗಿಲವರೆಗೂ ಹೋಗಿದ್ದಳು. ಅವನು ಬೆನ್ನು ತಿರುಗಿಸಿಕೊಂಡು ಮಾಪಕದ ಗಾಜು ಒರೆಸುತ್ತಿದ್ದ. ಕರೆದರೆ ಮಂಡಿನೋವಿನಿಂದ ಶುರುಮಾಡಿ ಪಕ್ಕದ ಮನೆಯ ಬೆಕ್ಕಿನ ಮರಿವರೆಗೆ ಮಾತು ಎಳೆಯುತ್ತಾನೆ, ಬಸ್ಸು ತಪ್ಪುತ್ತದೆ. ನಾನೇನು ಇವನ ಅಂಚೆಯವಳಾ ಎಂದು ಒಳಗೊಳಗೇ ಸಿಡುಕಿಕೊಂಡು, ಬೆಳಿಗ್ಗೆ ಬೇಗ ಬಂದು ಹೇಳಿದರಾಯಿತು ಎಂದು ಹೊರಟುಬಿಟ್ಟಳು. ನಿನ್ನೆ ಬೆಳಿಗ್ಗೆ ಬಸ್ಸು ಹತ್ತು ನಿಮಿಷ ತಡ. ಗೇಟು ದಾಟುವಾಗಲೇ ಒಳಗಿನಿಂದ ಹಬೆ ಸಿಡಿದ ಶಬ್ದ ಕೇಳಿಸಿತು. ಶಬ್ದದ ಹಿಂದೆಯೇ ಅವನ ಕೂಗು.

ಬಟ್ಟೆ ಮಡಚುವ ಕೋಣೆಯಲ್ಲಿ ಅಧಿಕಾರಿ ಫೈಲು ಬಿಚ್ಚಿಕೊಂಡು ಕೂತಿದ್ದರು. “ಯಾವ ಆ್ಯಪಿನಿಂದ ಯಾವ ಆ್ಯಪಿಗೆ ಬೇಕಾದ್ರೂ ಸಂದೇಶ ಹೋಗಬೇಕು ಅಂತ ಕಾನೂನೇ ಬಂದಿದೆಯಲ್ಲಮ್ಮ. ಅವರಿಗೆ ಯಾಕೆ ಹೋಗಲಿಲ್ಲ?”

“ಒಬ್ಬರಿಂದ ಒಬ್ಬರಿಗೆ ಹೋಗುತ್ತೆ ಸಾರ್. ಗುಂಪುಗಳಿಗೆ ಇನ್ನೂ ಎರಡು ವರ್ಷ ಗಡುವು ಕೊಟ್ಟಿದ್ದಾರಂತೆ.”

“ಹಾಗಾದ್ರೆ ಯಾರಾದ್ರೂ ಅವರೊಬ್ಬರಿಗೇ ಒಂದು ಸಾಲು ಹಾಕಬಹುದಿತ್ತು.”

ಹದಿನೇಳು ಜನ ಓದಿದ್ದರು. ಅಧಿಕಾರಿ ಕಾಗದವೊಂದನ್ನು ಅವಳ ಕಡೆ ತಳ್ಳಿದರು. “ಇರಲಿ. ಗಾಯಾಳುವಿನ ಹೇಳಿಕೆ ಆಗಲೇ ಆಗಿದೆ. ‘ಅಕ್ಕ ಬಂದು ಹೇಳಿದ್ದಳು, ನಾನೇ ಮರೆತೆ’ ಅಂದಿದ್ದಾರೆ. ಹೌದು ಅಂತ ನೀವೊಂದು ಸಹಿ ಹಾಕಿದ್ರೆ ಮುಗೀತು.”

“ಹಾಕಿದ್ರೆ ಅವರಿಗೇನಾಗುತ್ತೆ?”

“ತಪ್ಪು ಅವರದೇ ಅಂತಾಗುತ್ತೆ. ಕೆಲಸ ಹೋಗುತ್ತೆ. ಪರಿಹಾರ ಸಿಗಲ್ಲ.”

ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಕಣ್ಣಲ್ಲೇ ‘ಹಾಕು, ಹಾಕು’ ಅನ್ನುತ್ತಿದ್ದ. ಇಸ್ತ್ರಿ ಅಕ್ಕ ಪೆನ್ನು ಕೆಳಗಿಟ್ಟಳು. ಫೋನಿನ ಬೀಗ ತೆಗೆದು, ಸಂದೇಶ ಹುಡುಕಿ, ಅಧಿಕಾರಿಯ ಮುಂದಿಟ್ಟಳು. “ಇದನ್ನ ಓದಿ ಸಾರ್. ನಾನು ಹೇಳಲಿಲ್ಲ.”

ಅಧಿಕಾರಿ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಸೂಪರ್‌ವೈಸರನ್ನು ಒಳಗೆ ಕರೆದರು. ತನಿಖೆ ಮುಗಿಯುವವರೆಗೆ ಇಬ್ಬರೂ ಕೆಲಸಕ್ಕೆ ಬರಕೂಡದು ಎಂಬ ಆದೇಶ ಮಧ್ಯಾಹ್ನದೊಳಗೆ ಕೈಗೆ ಬಂತು. ಸೂಪರ್‌ವೈಸರ್ ಹೋಗುವಾಗ, “ನೀನೂ ಮುಳುಗಿದೆ, ನನ್ನನ್ನೂ ಮುಳುಗಿಸಿದೆ,” ಎಂದು ಹಲ್ಲು ಕಡಿದು ಹೋದ.

ಅವಳು ಮನೆಗೆ ಹೋಗದೆ ಎರಡು ಮಹಡಿ ಹತ್ತಿ ವಾರ್ಡಿಗೆ ಬಂದಳು. ಹಬೆಯಣ್ಣನ ಎರಡೂ ಕೈಗಳನ್ನು ಮೊಣಕೈವರೆಗೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಮುಖದ ಅರ್ಧ ಕೆಂಪಗೆ ಊದಿಕೊಂಡಿತ್ತು. ಹೊದಿಸಿದ್ದ ಚಾದರದ ಮಡಿಕೆಯ ಗೆರೆ ಅವಳ ಇಸ್ತ್ರಿಯದೇ. ಅವಳು ಅತ್ತ ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಳು.

“ನಿಜ ಹೇಳಿ ಬಂದೆ, ಅಣ್ಣ. ನೀನು ಯಾಕೆ ಸುಳ್ಳು ಹೇಳಿದೆ?”

ಅವನು ತುಟಿ ನೋಯುತ್ತಿದ್ದುದರಿಂದ ಒಂದೊಂದೇ ಮಾತಾಗಿ ಹೇಳಿದ: “ನನ್ನ ಮಗಳು ಹೊಸ ಫೋನು ತಂದುಕೊಟ್ಟು ಆರು ತಿಂಗಳಾಯ್ತು. ನಿಮ್ಮೆಲ್ಲರ ಹತ್ರ ಇದೆಯಲ್ಲ, ಅದೇ ಕಂಪನಿದು. ಡಬ್ಬ ಕೂಡ ಬಿಚ್ಚಿಲ್ಲ.”

ಅವಳು ತಿರುಗಿದಳು. “ಯಾಕೆ?”

“ಬಿಚ್ಚಿದ್ರೆ ನೀನು ದಿನಾ ಬರ್ತಿದ್ದೆಯಾ?”