ಅದೇ ಹೊತ್ತು, ಅದೇ ಮಾತು

ಮೈಸೂರಿನ ನಿವೃತ್ತರ ತಂಡ ಇಂಗ್ಲೆಂಡಿನ ಒಂದು ಹಳೆಯ ಬಂಗಲೆ ನೋಡಲು ಬಂದಿತ್ತು. ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗುಪ್ತಸಂದೇಶಗಳನ್ನು ಬಿಡಿಸುತ್ತಿದ್ದ ಜಾಗ ಅದು. ಗಣಿತದ ಮೇಷ್ಟರಾಗಿದ್ದ ಶ್ರೀಕಂಠಯ್ಯನವರಿಗೆ, ಹೆಂಡತಿ ವಿಶಾಲಾಕ್ಷಮ್ಮನನ್ನು ಇಂಥ ಕಡೆ ಕರೆತಂದದ್ದೇ ದಂಡ ಅನ್ನಿಸುತ್ತಿತ್ತು.

"ಇದೆಲ್ಲ ನಿನ್ನ ತಲೆಗೆ ಹೋಗಲ್ಲ. ಹೊರಗೆ ಬೆಂಚಿದೆ, ಹೋಗಿ ಕೂತ್ಕೋ," ಎಂದರು, ಎಲ್ಲರಿಗೂ ಕೇಳುವಂತೆ. ಒಂದಿಬ್ಬರು ನಕ್ಕರು.

ಆಕೆ ಕದಲಲಿಲ್ಲ. ಗೈಡ್ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. "ಏನ್ರೀ ಹೇಳ್ತಿದಾನೆ?" ಎಂದು ಕೇಳಿದರು.

ಶ್ರೀಕಂಠಯ್ಯ ಹಣೆ ಚಚ್ಚಿಕೊಂಡು, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಹೇಳಿದರು. "ಶತ್ರುಗಳು ಶತಪೆದ್ದರು. ದಿನಾ ಅದೇ ಹೊತ್ತಿಗೆ ಅದೇ ಮಾತು ಕಳಿಸ್ತಿದ್ರು. ಅದರಿಂದಲೇ ಸಿಕ್ಕಿಬಿದ್ರು. ಅರ್ಥವಾಯ್ತಾ?"

"ಆಯ್ತು. ಪ್ರತಿ ಮಂಗಳವಾರ ಹತ್ತು ಗಂಟೆಗೆ ಫೋನ್ ಬಂದಾಗೆಲ್ಲ ನೀವು 'ರಾಂಗ್ ನಂಬರ್' ಅಂತೀರಲ್ಲ, ಹಾಗೆ."

ಶ್ರೀಕಂಠಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಏನು... ಏನು ಮಾತಾಡ್ತಿದೀಯ?"

"ಆ ನಂಬರಿಗೆ ನಾನೂ ಫೋನ್ ಮಾಡಿದೆ, ಹೋದ ತಿಂಗಳು ಫೋನ್ ಎತ್ತಿದವಳ ಮಂಡ್ಯದ ಮನೆಗೂ ಹೋಗಿಬಂದೆ," ಎಂದರು ವಿಶಾಲಾಕ್ಷಮ್ಮ. "ಅವಳ ಮಗಳಿಗೆ ನಿಮ್ಮದೇ ಮೂಗು."