ನಾಲ್ಕು ನಿಮಿಷದ ಶುಕ್ರವಾರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನೋಂದಣಿ ಯಂತ್ರದ ಗಡಿಯಾರ ಶುಕ್ರವಾರ ಸಂಜೆಗೆ ಜಿಗಿಯಿತು. ನಾಲ್ಕು ನಿಮಿಷ ಅಲ್ಲೇ ಇತ್ತು. ಆಮೇಲೆ ಏನೂ ಆಗದ ಹಾಗೆ ಸೋಮವಾರಕ್ಕೆ ಮರಳಿತು.

ಓಶ್ ನಗರದ ಆ ಆರೋಗ್ಯ ಕಚೇರಿಯಲ್ಲಿದ್ದದ್ದು ಒಂದೇ ದೊಡ್ಡ ಸರ್ವರ್. ಅದರ ಹೊಟ್ಟೆಯೊಳಗೆ ಆರು ವರ್ಚುವಲ್ ಯಂತ್ರಗಳು, ಅಂದರೆ ತಂತ್ರಾಂಶದಲ್ಲೇ ಇರುವ ಕಂಪ್ಯೂಟರುಗಳು; ನೋಂದಣಿಯದು ಅವುಗಳಲ್ಲಿ ಒಂದು. ಒಂದೊಂದಕ್ಕೂ ತನ್ನದೇ ಗಡಿಯಾರ. ಒಳಗೆ ಯಾರಾದರೂ ಗಡಿಯಾರ ತಿರುಗಿಸಿದರೆ, ಎಲ್ಲವನ್ನೂ ಕಾಯುವ ತಂತ್ರಾಂಶಕ್ಕೆ ಸುದ್ದಿ ಮುಟ್ಟುತ್ತದೆ. ಆ ತಂತ್ರಾಂಶ ನೋಡಿಕೊಳ್ಳುವವಳು ಜಿಪಾರ್.

"ಡಯಾಲಿಸಿಸ್ ಅರ್ಜಿಯ ಗಡುವು ಶುಕ್ರವಾರ ಐದಕ್ಕೆ ಮುಗೀತು. ಇವತ್ತು ಯಾರೋ ಒಂದು ಅರ್ಜಿ ಒಳಗೆ ತೂರಿಸಿದಾರೆ," ಎಂದ ಮೇಲಧಿಕಾರಿ ಎರ್ಗೆಶ್. "ಕೀಲಿ ನಿನ್ನ ಹತ್ರ. ನಿಮ್ಮಪ್ಪನಿಗೂ ಅರ್ಜಿ ಹಾಕಿದೀರಂತೆ?"

"ಅದು ಶುಕ್ರವಾರವೇ ಬಂದಿದೆ ಸಾರ್."

"ಬಂದಿರಬಹುದು. ಮಧ್ಯಾಹ್ನದೊಳಗೆ ಕಳ್ಳ ಯಾರು ಅಂತ ತೋರಿಸು. ಇಲ್ಲಾಂದ್ರೆ ಅದನ್ನೂ ತಡೆದಿಡ್ತೀನಿ."

ಮುಂದಿನ ಪಟ್ಟಿ ಆರು ತಿಂಗಳ ಮೇಲೆ. ಜಿಪಾರ್‌ಳ ಅಪ್ಪನಿಗೆ ಅಷ್ಟು ಕಾಲವಿಲ್ಲ ಎಂದು ವೈದ್ಯರು ಬಾಯಿಬಿಟ್ಟೇ ಹೇಳಿದ್ದರು. ನೌಕರರು ನೆಂಟರ ಅರ್ಜಿ ಮುಟ್ಟುವ ಹಾಗಿಲ್ಲ. ಘಟ್ಟದಾಚೆಯ ಸಾರಿ-ತಾಶ್ ಹಳ್ಳಿಯಿಂದ ತಾಯಿಯೇ ತಂದುಕೊಡಬೇಕಿತ್ತು. ಶುಕ್ರವಾರ ಕಚೇರಿ ಕೆಲಸಕ್ಕೆ ಜಲಾಲಾಬಾದಿಗೆ ಹೋಗಿದ್ದ ಜಿಪಾರ್ ಅಲ್ಲಿಂದ ಫೋನ್ ಮಾಡಿದಾಗ ತಾಯಿ, "ಅದರ ಚಿಂತೆ ನೀನು ಬಿಡು ಮಗಳೇ," ಎಂದಿದ್ದಳು.

ಜಿಪಾರ್ ಸಾಲು ಸಾಲಾಗಿ ದಾಖಲೆ ಜಾಲಾಡಿದಳು. ಹನ್ನೊಂದೂವರೆಗೆ ಸಿಕ್ಕಿತು: ಗಡಿಯಾರ ತಿರುಗಿದ್ದು ನೋಂದಣಿ ಗುಮಾಸ್ತೆ ಬುರುಲ್‌ಳ ಮೇಜಿನಿಂದ. ಇಡೀ ಕಚೇರಿಗೆ ಆಕೆ 'ಎಜೆ', ಅಕ್ಕ. ನಿವೃತ್ತಿಗೆ ಎರಡು ವರ್ಷವಿತ್ತು.

ಎರ್ಗೆಶ್ ಆಕೆಯನ್ನು ಜಿಪಾರ್‌ಳ ಕೋಣೆಗೆ ಕರೆಸಿ ಬಾಗಿಲಲ್ಲೇ ನಿಂತ.

"ಹೌದು, ನಾನೇ," ಎಂದಳು ಬುರುಲ್. "ನನ್ನನ್ನ ಮನೆಗೆ ಕಳಿಸಿ. ಆ ಅರ್ಜಿ ಮಾತ್ರ ಅಲ್ಲೇ ಇರಲಿ."

"ಎಷ್ಟು ತಿಂದೆ?" ಎಂದ ಎರ್ಗೆಶ್.

"ಒಂದು ಲೋಟ ಚಹಾ ಕೂಡ ಕುಡೀಲಿಲ್ಲ."

"ಯಾರದು ಎಜೆ ಆ ಅರ್ಜಿ?" ಜಿಪಾರ್‌ಳ ದನಿ ಬಿರುಸಾಗಿತ್ತು.

ಬುರುಲ್ ಎರ್ಗೆಶ್‌ನ ಕಡೆ ನೋಡಿದಳು. ಆಮೇಲೆ ಇವಳ ಕಡೆ. "ಕೇಳಬೇಡ ಕಣೇ. ಗೊತ್ತಿಲ್ಲದೆ ಇದ್ರೇನೇ ನಿನಗೆ ಕ್ಷೇಮ."

"ಬೆದರಿಸ್ತೀರಾ? ನಿಮ್ಮಿಂದ ನಮ್ಮಪ್ಪ ಸಾಯಬೇಕಿತ್ತಲ್ಲ!"

ಬುರುಲ್ ತಲೆ ತಗ್ಗಿಸಿದಳು.

ಪಟ್ಟಿ ಪ್ರಕಟವಾಗುವ ತನಕ ಹೆಸರುಗಳಿಗೆ ಬೀಗ. ಜಿಪಾರ್‌ಗೆ ಕಾಣುತ್ತಿದ್ದದ್ದು ಸಂಖ್ಯೆ ಮಾತ್ರ. ತಂತ್ರಾಂಶ ಅವಳ ಅಪ್ಪಣೆಗೆ ಕಾದಿತ್ತು: ಒಳಗಿನ ಗಡಿಯಾರ ಹೇಳಿದ್ದನ್ನು ಒಪ್ಪಬೇಕೇ, ಹೊರಗಿನ ನಿಜ ಸಮಯವನ್ನು ಹೇರಬೇಕೇ?

"ಬೇಡ ಮಗಳೇ," ಎಂದಳು ಬುರುಲ್, ಕೇಳಿಸಿಯೂ ಕೇಳಿಸದ ಹಾಗೆ.

ಜಿಪಾರ್ ನಿಜ ಸಮಯವನ್ನೇ ಹೇರಿದಳು. ಆ ನಾಲ್ಕು ನಿಮಿಷದಲ್ಲಿ ಹೊಕ್ಕಿದ್ದ ಒಂದೇ ಒಂದು ಅರ್ಜಿ ಸೋಮವಾರಕ್ಕೆ ಬಂದು ಬಿತ್ತು. ತಡವಾಗಿದೆ, ತಿರಸ್ಕೃತ. ಎರ್ಗೆಶ್ ಅಲ್ಲೇ ರುಜು ಹಾಕಿ ಪಟ್ಟಿಗೆ ಮೊಹರು ಒತ್ತಿದ.

"ನಿಮ್ಮಪ್ಪನ ಅರ್ಜಿಗೆ ನನ್ನ ತಕರಾರಿಲ್ಲ," ಎಂದ.

ಜಿಪಾರ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮನೆಗೆ ಫೋನ್ ಮಾಡಲು ಮೆಟ್ಟಿಲಿಳಿದು ಓಡಿದಳು. ಕೆಳಗಿನ ಬೆಂಚಿನ ಮೇಲೆ, ಕಂಬಳಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಕೂತಿದ್ದಳು.

"ಅಮ್ಮಾ! ನೀನ್ಯಾವಾಗ ಬಂದೆ?"

ತಾಯಿ ಎದ್ದು ಮಗಳ ಕೆನ್ನೆ ಹಿಡಿದು ಮುತ್ತಿಟ್ಟಳು. "ಬೆಳಿಗ್ಗೆ ಹತ್ತಕ್ಕೆ ಮಗಳೇ. ಮೂರು ದಿನ ಘಟ್ಟದ ದಾರಿ ಹಿಮ ಬಿದ್ದು ಮುಚ್ಚಿಹೋಗಿತ್ತು. ಆ ಬುರುಲ್ ಎಂಥಾ ಪುಣ್ಯಾತ್ಗಿತ್ತಿ, ಹೇಗೋ ಮಾಡಿ ನಿಮ್ಮಪ್ಪನ ಅರ್ಜಿ ತಗೊಂಡ್ಲು ನೋಡು!"